ಕೆಂದಿ ಹೊಟ್ಟೆಯ ದಾರ

ಹೊಳೆ ದಂಡೇಲಿರೋ ಪುಟ್ಟ ಮಠ ನಮ್ದು. ಇದ್ದೋರು ಮೂರೇ ಜನ: ನಮ್ಮ ಗುರುಗಳು ಬುದ್ಧಿಯೋರು, ಅವರ ಶಿಷ್ಯ ನಾನು, ಆಮೇಲೆ ಕೆಂದಿ. ಕೆಂದಿ ಅಂದ್ರೆ ಹಸು, ಆದ್ರೂ ನಾನು ಅವಳನ್ನ ಜನದ ಜೊತೆಗೇ ಸೇರಿಸ್ತೀನಿ.

ಹಳೇ ಗುರುಗಳ ಸಮಾಧಿ ಗದ್ದುಗೆಗೆ ಭಕ್ತರು ಹಾಕಿದ ಹಾರಾನ ಮಾರನೇ ದಿನ ತುಳಿಯೋ ಜಾಗಕ್ಕೆ ಎಸೀಬಾರ್ದು, ಹಸುವಿಗೇ ತಿನ್ನಿಸ್ಬೇಕು, ಅದು ಮಠದ ಪದ್ಧತಿ.

ನಾನು ಬಂದ ದಿನಾನೇ ಕೇಳ್ದೆ, "ಬುದ್ಧಿ, ನಂಗೆ ಉಪದೇಶ ಯಾವಾಗ?"

ಅವರು ಒಂದು ಬುಟ್ಟಿ ಬಾಡಿದ ಹಾರ ಮುಂದಿಟ್ರು. "ದಾರ ಬಿಚ್ಚು. ತಂತಿ ತೆಗಿ. ಹೂವ ಮಾತ್ರ ಕೆಂದಿಗೆ ಹಾಕು."

"ಆಮೇಲೆ?"

"ನಾಳೆ ಮತ್ತೆ ಹಾರ ಬರ್ತದೆ."

ಎರಡು ವರ್ಷ ಬಿಚ್ಚಿದೆ. ಸೇವಂತಿಗೆ, ಚೆಂಡು, ಸುಗಂಧರಾಜ. ಉಗುರು ಸಂದಿ ಎಲ್ಲಾ ಹಸಿರು ಕಟ್ಟಿಹೋಗಿತ್ತು, ಆಚೆ ದಂಡೆ ಮಠದ ಮರಿಸ್ವಾಮಿಗಳು ಆಗ್ಲೇ ಕಣ್ಮುಚ್ಚಿ ಧ್ಯಾನಕ್ಕೆ ಕೂರ್ತಿದ್ರು, ನನ್ನ ನೋಡಿ ಅವರು "ಏನಪ್ಪ ಹೂವಾಡಗಿತ್ತಿ, ಮೊಳ ಹೆಂಗೆ?" ಅಂತ ಕೂಗೋರು.

ಒಂದಿನ ಸಿಟ್ಟು ಬಂತು. ಹಾರಾನ ಹಂಗೇ ಇಡೀದಾಗಿ ಕೆಂದಿ ಮುಂದೆ ಹಿಡಿದೆ.

ಹಸು ಅಗಿದು ನೋಡಿ ನುಂಗಲ್ಲ. ಮೊದ್ಲು ನುಂಗ್ತದೆ, ಮೆಲುಕು ಆಮೇಲೆ. ಇದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಿಡಿದೆ.

ಕೆಂದಿ ನಾಲಿಗೆ ಸುತ್ತಿ ಎಳ್ಕೊಂಡ್ಳು. ಏನೂ ಆಗ್ಲಿಲ್ಲ. ಮಾರನೇ ದಿನಾನೂ ಹಂಗೇ ಹಾಕ್ದೆ, ಏನೂ ಆಗ್ಲಿಲ್ಲ. ನಂಗೆ ಬೆಳಗ್ಗೆ ಇಷ್ಟೊಂದು ಹೊತ್ತು ಉಳೀತು, ಹೊಳೆ ಬಂಡೆ ಮೇಲೆ ಕಣ್ಮುಚ್ಚಿ ಕೂತೆ, ಎಷ್ಟು ಚೆನ್ನಾಗಿತ್ತು ಅಂದ್ರೆ ಎದ್ದು ಬರೋಕೇ ಮನಸ್ಸಿರ್ಲಿಲ್ಲ.

ಸಂಜೆ ಬುದ್ಧಿಯೋರು ಕೇಳೋರು. "ದಾರ ಬಿಚ್ಚಿದ್ಯಾ ಮರಿ?"

"ಬಿಚ್ಚಿದೆ ಬುದ್ಧಿ."

ದಿನಾ ಇದೇ ಪ್ರಶ್ನೆ. ದಿನಾ ಇದೇ ಉತ್ತರ. ಹಿಂಗೇ ಒಂದು ವರ್ಷ ಹೋಯ್ತು.

ಸಂಕ್ರಾಂತಿ ಹಿಂದಿನ ವಾರ ಕೆಂದಿ ಹೊಳೆಗೆ ಇಳೀಲಿಲ್ಲ. ಏರು ಹತ್ತೋಳು, ಇಳಿಜಾರು ಬಂದ್ರೆ ನಿಂತ್ಬಿಡೋಳು. ಮುಂಗಾಲು ಅಗಲಿಸ್ಕೊಂಡು ನಿಂತು ನರಳೋಳು. ಮೆಲುಕು ನಿಂತೋಯ್ತು. ಕೊರಳ ಕೆಳಗೆ ನೀರು ತುಂಬ್ಕೊಂಡು ಚೀಲದ ಥರ ಜೋತಾಡ್ತಿತ್ತು.

ದನದ ಡಾಕ್ಟ್ರು ಸರ್ವಮಂಗಳಮ್ಮ ಬಂದ್ರು. ಎದೆಗೆ ಕಿವಿ ಕೊಟ್ಟು ತುಂಬ ಹೊತ್ತು ಕೇಳಿದ್ರು.

"ತಂತಿ ಬುದ್ಧಿ. ಹೊಟ್ಟೆ ದಾಟಿ ಹೃದಯಕ್ಕೆ ಚುಚ್ಚಿದೆ. ಈಗ ಕೈ ಮೀರಿದೆ. ದೀಪಾವಳಿ ಹೊತ್ತಿಗೆ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ ಹೊಟ್ಟೆ ಕೊಯ್ದು ತೆಗೀತಿದ್ದೆ."

ಬುದ್ಧಿಯೋರು ಕೈಲಿದ್ದ ಹುಲ್ಲನ್ನ ಮೆಲ್ಲಗೆ ಕೆಳಗಿಟ್ರು.

"ಏನು ತಿಂತಿದ್ಳು ಮರಿದೇವ್ರೇ?" ಡಾಕ್ಟ್ರು ನನ್ನ ಕೇಳಿದ್ರು.

"ಮೇಯೋಕೆ ಬಿಟ್ಟಾಗ ರಸ್ತೆ ಬದಿ ಕಸ ತಿಂದಿರ್ಬೇಕು," ಅಂದೆ. ಎಷ್ಟು ಸಲೀಸಾಗಿ ಬಂತು ಅಂದ್ರೆ ನಾನೇ ನಂಬಿಬಿಟ್ಟೆ.

ಬುದ್ಧಿಯೋರು ನನ್ನ ಕಡೆ ನೋಡ್ಲಿಲ್ಲ.

ಕೆಂದಿ ಸಾಯೋಕೆ ಮೂರು ದಿನ ತಗೊಂಡ್ಳು. ಕೊನೇ ದಿನ ನಾನು ನೀರು ಹಿಡಿದ್ರೆ ಕುಡೀಲಿಲ್ಲ, ನನ್ನ ಅಂಗೈ ಮಾತ್ರ ನೆಕ್ಕಿದ್ಳು, ಹೂವಿದ್ಯೇನೋ ಅಂತ.

ಹೂಳೋ ಮುಂಚೆ ಬುದ್ಧಿಯೋರು ಡಾಕ್ಟ್ರಿಗೆ ಹೇಳಿದ್ರು, "ಹೊಟ್ಟೆ ಬಿಚ್ಚಿ ತಾಯಿ." ನಂಗೆ ಹೇಳಿದ್ರು, "ಬುಟ್ಟಿ ಹಿಡಿ."

ಅದೇ ಬುಟ್ಟಿ. ಹಾರದ್ದು.

ಮೊದ್ಲು ಒಂದು ಸೇಫ್ಟಿ ಪಿನ್ನು ಬಂತು. ಆಮೇಲೆ ಒಂದು ಗೆಜ್ಜೆ, ಯಾವ್ದೋ ಮಗು ಕಾಲಿಂದು. ಜರಿ. ತುಕ್ಕು ಹಿಡಿದ ತಂತಿ ತುಂಡುಗಳು. ಕೊನೇಗೆ ಡಾಕ್ಟ್ರು ಎರಡೂ ಕೈಲಿ ಎತ್ತಿದ್ರು, ತೆಂಗಿನಕಾಯಿ ಗಾತ್ರದ ಒಂದು ಉಂಡೆ, ಕಪ್ಪಗೆ, ಕಲ್ಲಿನ ಹಂಗೆ. ಪೂರ್ತಿ ದಾರ.

ಉಂಡೆ ಮೇಲಿನ ಸುತ್ತಲ್ಲೇ ಅಂಟಿಸಿ ಮುಚ್ಚಿದ್ದ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕೊಂಡಿತ್ತು. ಡಾಕ್ಟ್ರು ತೊಳೆದು ಬಿಡಿಸಿದ್ರು. ಭಕ್ತರು ಹಾರಕ್ಕೆ ಕಟ್ತಾರಲ್ಲ, ಆ ಹರಕೆ ಚೀಟಿ. ಅಕ್ಷರ ಒಂಚೂರೂ ಅಳಿಸಿರ್ಲಿಲ್ಲ.

ಜೋರಾಗೇ ಓದಿದ್ರು. "ಗದ್ದುಗೆ ಅಜ್ಜ, ಅಪ್ಪ ಅಮ್ಮಂಗೆ ಹೊಡೀತಾನೆ, ನಿಲ್ಲಿಸು."

ಓದಿ ನನ್ನ ಮುಖ ನೋಡಿದ್ರು. "ಇದು ರಸ್ತೆ ಕಸ ಅಲ್ಲ ಮರಿದೇವ್ರೇ."

ಡಾಕ್ಟ್ರು ಕೈ ತೊಳ್ಕೊಂಡು ಹೊರಟ್ರು. ನಾನೂ ಬುದ್ಧಿಯೋರೂ ಸೇರಿ ಕೆಂದೀನ ಹೊಂಗೆ ಮರದ ಕೆಳಗೆ ಹೂಳಿದ್ವಿ. ಅವರು ಮಣ್ಣು ಎಳೀತಾನೇ ಇದ್ರು. ಬೈದಿದ್ರೆ ಚೆನ್ನಾಗಿತ್ತು, ಹೊಡೆದಿದ್ರೆ ಇನ್ನೂ ಚೆನ್ನಾಗಿತ್ತು.

ನಾನೇ ಬಾಯಿ ಬಿಟ್ಟೆ. "ಬುದ್ಧಿ, ನಾನು ಬಿಚ್ತಿರ್ಲಿಲ್ಲ. ಒಂದು ವರ್ಷದಿಂದ. ದಿನಾ ಸುಳ್ಳು ಹೇಳ್ದೆ. ಮಠ ಬಿಟ್ಟು ಹೋಗು ಅನ್ನಿ, ಹೋಗ್ತೀನಿ."

ಅವರು ಆ ಉಂಡೇನ ನನ್ನ ಮಡಿಲಿಗೆ ಇಟ್ರು. "ಬಿಚ್ಚು."

ಹೊಳೆ ನೀರಲ್ಲಿ ನೆನೆಸಿ ನೆನೆಸಿ ಬಿಚ್ಚೋಕೆ ಕೂತೆ. ನಾತ. ಒಂದು ಎಳೆ ಬಿಟ್ಟರೆ ಇನ್ನೊಂದು ಬಿಗಿಯೋದು. ಉಗುರು ಕಿತ್ತು ರಕ್ತ ಬಂತು. ಒಂದಿನ ಆಯ್ತು, ಎರಡು ದಿನ ಆಯ್ತು, ಒಂದು ಗೇಣು ದಾರಾನೂ ಈಚೆ ಬಂದಿರ್ಲಿಲ್ಲ.

ಮೂರನೇ ದಿನ ಬುದ್ಧಿಯೋರು ಬಂದು ಪಕ್ಕದಲ್ಲಿ ನಿಂತ್ರು.

ತಲೆ ಎತ್ತದೇ ಕೇಳ್ದೆ, "ನಿಮಗೆ ಗೊತ್ತಿತ್ತಾ ಬುದ್ಧಿ?"

"ಗೊತ್ತಿತ್ತು."

"ಯಾವಾಗಿಂದ?"

"ದೀಪಾವಳಿಗೆ ವಿಭೂತಿ ಮಾಡೋಕೆ ಸಗಣಿ ನಾದ್ತಿದ್ದೆ. ಕೈಗೆ ದಾರ ಸಿಕ್ತು."

ನನ್ನ ಬೆರಳು ನಿಂತೋಯ್ತು. ದೀಪಾವಳಿ. ಡಾಕ್ಟ್ರು ಹೇಳಿದ್ದೂ ಅದೇ.

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ದಿದ್ರೆ..."

"ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ಅದೇ ನಿಂಗೆ ಪಾಠ ಆಗ್ಲಿ ಅಂತ ದಿನಾ ಕೇಳ್ತಾ ಹೋದೆ." ಅವರು ಹೊಂಗೆ ಮರದ ಕಡೆ ನೋಡಿದ್ರು. "ಪಾಠ ನಿಂದು, ಗರ್ವ ನಂದು. ಹೊಟ್ಟೆ ಮಾತ್ರ ಅವಳದ್ದು."

ನಾನು ಉಂಡೇನ ಮತ್ತೆ ನೀರಿಗೆ ಅದ್ದಿದೆ.

ಬುದ್ಧಿಯೋರು ಕಾವಿ ಎತ್ತಿ ಕಟ್ಟಿ, ಆ ಕೆಸರಲ್ಲೇ ನನ್ನ ಎದುರಿಗೆ ಕೂತ್ರು. ಕೈ ಚಾಚಿದ್ರು.

"ಇನ್ನೊಂದು ತುದಿ ಹುಡುಕಿ ಇತ್ತ ಕೊಡು ಮರಿ."