ಎಮ್ಮೆಯ ಕಿವಿ ಮತ್ತು ಐದು ಗೊರವಂಕಗಳು

ಐದು ಎಳೆಯ ಗೊರವಂಕಗಳು ಸೇರಿ ಪ್ರಾಣಿಗಳ ಹಕ್ಕುಗಳಿಗಾಗಿ ಸಂಘ ಕಟ್ಟಿದವು. ಮೊದಲ ದಿನವೇ ಕೆರೆದಂಡೆಯ ಮುದಿ ಎಮ್ಮೆಯ ಬೆನ್ನೇರಿ, "ಎಮ್ಮೆಗೆ ನ್ಯಾಯ ಬೇಕು! ಬೇಕೇ ಬೇಕು!" ಎಂದು ಕೂಗತೊಡಗಿದವು.

"ಮಕ್ಕಳೇ, ನನ್ನ ಕಿವಿಯೊಳಗೆ ಉಣ್ಣಿ ಕಚ್ಚಿಕೊಂಡಿದೆ. ಮೂರು ದಿನದಿಂದ ಮೇವು ಸೇರುತ್ತಿಲ್ಲ," ಎಂದಿತು ಎಮ್ಮೆ.

"ಸ್ವಲ್ಪ ಸುಮ್ಮನಿರಿ ಅಜ್ಜಿ, ನಿಮ್ಮ ಪರವಾಗಿಯೇ ಕೂಗುತ್ತಿದ್ದೇವೆ!" ಎಂದಿತು ಮುಂದಾಳು ಗೊರವಂಕ.

"ಆ ಕೂಗು ಕೇಳಬೇಕಾದ ಕಿವಿಯೇ ನೋಯುತ್ತಿದೆಯಲ್ಲ, ತಾಯಿ!"

ಮುಂದಾಳಿಗೆ ನಾಚಿಕೆಯಾಯಿತು. ಘೋಷಣೆ ನಿಲ್ಲಿಸಿ, ಕಿವಿಯೊಳಗೆ ಇಣುಕಿ, ಉಣ್ಣಿಯನ್ನು ಕಿತ್ತು ನುಂಗಿತು. ಎಮ್ಮೆಗೆ ಹೋದ ಜೀವ ಬಂದಂತಾಯಿತು. ಬಾಲವೆತ್ತಿ, ಐದನ್ನೂ ಹೊತ್ತುಕೊಂಡೇ ದಂಡೆಯುದ್ದಕ್ಕೂ ಕುಣಿಯಿತು. ಬೆನ್ನ ಮೇಲೆ ಓಲಾಡುತ್ತ ಗೊರವಂಕಗಳು ಕಿಲಕಿಲ ನಕ್ಕವು.

"ಅಜ್ಜಿ, ಒಂದು ನಿಮಿಷ ನಿಲ್ಲಿ," ಎಂದಿತು ಮುಂದಾಳು. "ಇನ್ನೊಂದು ಕಿವಿ ತೋರಿಸಿ."