ಕೂಡುರಸ್ತೆಯ ಕುಣಿ

ಶಿಷ್ಯ ಗುರುಪಾದ ಕೇಳಿದ: "ಅಪ್ಪಾರೇ, ನಮ್ಮ ತಾಲ್ಲೂಕಿನಲ್ಲಿ ಅಧಿಕಾರ ಮಾಡಿದವರೆಲ್ಲ ಡಾಂಬರು ರಸ್ತೆಯ ಪಕ್ಕದಲ್ಲೇ ಸಮಾಧಿ ಕಟ್ಟಿಸಿಕೊಂಡಿದ್ದಾರೆ. ಆದರೂ ಅವರನ್ನು ಯಾರೂ ನೆನೆಯುವುದಿಲ್ಲ. ಮನುಷ್ಯ ಎಲ್ಲಿ ಮಣ್ಣಾದರೆ ಊರಿನಲ್ಲಿ ಉಳಿಯುತ್ತಾನೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಧ್ಯಕ್ಷನಿದ್ದ. ತಾಲ್ಲೂಕು ಪಂಚಾಯಿತಿಯನ್ನು ಬಹುಕಾಲ ಕೈಯಲ್ಲಿಟ್ಟುಕೊಂಡಿದ್ದವನು. ಅವನೂರಿನ ಕೂಡುರಸ್ತೆಯಲ್ಲಿ ಹಿಂದಿನ ಅಧ್ಯಕ್ಷರ ಸಮಾಧಿ ಕಟ್ಟೆಗಳು ಸಾಲಾಗಿದ್ದವು. ಬಸ್ಸಿಗೆ ಕಾಯುವವರು ಕೆತ್ತಿದ ಹೆಸರಿಗೆ ಬೆನ್ನು ಕೊಟ್ಟು ಅವುಗಳ ಮೇಲೆ ಕೂರುತ್ತಿದ್ದರು. ಚುನಾವಣೆ ಬಂದರೆ ಹೊಸಬರ ಪೋಸ್ಟರನ್ನು ಹಳಬರ ಕಟ್ಟೆಗೇ ಅಂಟಿಸುತ್ತಿದ್ದರು. ತನ್ನ ಗತಿ ಹೀಗಾಗಬಾರದು, ತನ್ನ ಸಮಾಧಿಯ ಮುಂದೆ ಜನ ಕೈಮುಗಿದು ನಿಲ್ಲಬೇಕು ಎಂಬುದು ಅಧ್ಯಕ್ಷನ ಆಸೆ. ರಸ್ತೆಯಾಚೆ ಅವನದೇ ಹೊಲವಿತ್ತು. ಬದುಕಿರುವಾಗಲೇ ಅಲ್ಲಿ ತನ್ನ ಸಮಾಧಿಗೆ ಕುಣಿ ತೋಡಿಸಿ, ಒಳಗೆಲ್ಲ ಕಲ್ಲು ಕಟ್ಟಿಸಿ, ಮೇಲೆ ಚಪ್ಪಡಿ ಮುಚ್ಚಿಸಿದ.

ಹಿರಿಯರು ತಕರಾರು ತೆಗೆದರು. ತೋಡಿದ ಕುಣಿ ಬರಿದಾಗಿರಬಾರದು, ಇದ್ದರೆ ಮನೆಯವರಲ್ಲೊಬ್ಬರನ್ನು ಬೇಡುತ್ತದೆ ಎಂದರು. ಅದರಲ್ಲಿ ಕಾಳು ತುಂಬಿಡಬೇಕು. ಪ್ರತಿ ಯುಗಾದಿಗೆ ಹಳೆಯದನ್ನು ತೆಗೆದು ಇಲ್ಲದವರಿಗೆ ಹಂಚಿ ಹೊಸದನ್ನು ಸುರಿಯಬೇಕು. ಅದು ಹಿಂದಿನಿಂದ ಬಂದ ಪದ್ಧತಿ.

ಅಧ್ಯಕ್ಷ ಕಾಳಿನ ವ್ಯಾಪಾರಿಯನ್ನು ಕರೆಸಿದ. ಹೇಗೂ ಮಣ್ಣಿನೊಳಗೆ ಹಾಕುವುದು, ಮಾರಾಟವಾಗದೆ ಉಳಿದ ಜೋಳವನ್ನೇ ಕಳಿಸು ಎಂದ. ವ್ಯಾಪಾರಿ ನಕ್ಕ.

"ಸಾವ್ಕಾರ್ರ, ತೆಗೆಯೋ ದಿನ ಊರೆಲ್ಲ ಬಂದು ನಿಂತಿರ್ತದ. ಹುಳ ಬಿದ್ದಿದ್ರ ನನ್ನ ಅಂಗಡಿ ಹೆಸರು ಯಾರೂ ಹೇಳೂದಿಲ್ಲ, ನಿಮ್ಮದ ಹೇಳ್ತಾರ."

ಮಾತು ನಾಟಿತು. ಒಳ್ಳೆಯ ಬಿಳಿಜೋಳವೇ ಕುಣಿಗೆ ಬಿತ್ತು.

ವರ್ಷಗಳು ಹೋದವು. ಅಧ್ಯಕ್ಷ ಚುನಾವಣೆಯಲ್ಲಿ ಸೋತ. ಅವನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರು ಗೆದ್ದವನ ಪಡಸಾಲೆಗೆ ಹೋದರು. ಆದರೆ ಯುಗಾದಿಯ ಮುಂಜಾನೆ ಮಾತ್ರ ಚೀಲ ಹಿಡಿದವರು ತಪ್ಪದೆ ಬರುತ್ತಿದ್ದರು. ನೂರು ಕಾಲ ಬಾಳಿ ಎಂದು ಹರಸುತ್ತಿದ್ದರು. ಕೆಮ್ಮಿದರೆ ಶುಂಠಿ ಕಷಾಯ ಹೇಳಿಕೊಡುತ್ತಿದ್ದರು. ಕುರ್ಚಿ ಹೋದರೂ ಪ್ರೀತಿ ಹೋಗಲಿಲ್ಲ ಎಂದು ಅವನು ಬೀಗಿದ.

ಕೊನೆಗೆ ಹಾಸಿಗೆ ಹಿಡಿದ. ಬಾಳವ್ವ ಎಂಬ ಮುದುಕಿ ನೋಡಲು ಬಂದು, ಕಾಲ ಬಳಿ ಕುಳಿತು ಕಣ್ಣೊರೆಸಿಕೊಂಡಳು. ತನಗಾಗಿ ಅಳುವವರು ಒಬ್ಬರಾದರೂ ಇದ್ದಾರೆಂದು ಅವನಿಗೆ ಸಮಾಧಾನವಾಯಿತು. ಯಾಕೆ ಅಳುತ್ತೀ ಎಂದು ಕೇಳಿದ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನೀವು ಹ್ವಾದ ಮ್ಯಾಲ ಕುಣಿಯೊಳಗ ನೀವ ಕುಂತಿರ್ತೀರಿ ಯಪ್ಪಾ. ಆಮ್ಯಾಲ ನಮ್ಮ ಜ್ವಾಳ ಎಲ್ಲಿಂದ ಬರಬೇಕ್ರಿ?"

ಅವನು ಗೋಡೆಯ ಕಡೆ ಹೊರಳಿದ. ಜನ ತನ್ನ ಆಯುಷ್ಯ ಬೇಡಿದ್ದು ಜೋಳಕ್ಕಾಗಿ ಎಂಬುದು ಅರಗುವುದಕ್ಕೆ ಎರಡು ದಿನ ಹಿಡಿಯಿತು. ಆಮೇಲೆ ಮಗನನ್ನು ಕರೆದು, ತನ್ನನ್ನು ಹಳ್ಳದ ದಂಡೆಯ ಊರ ಸುಡುಗಾಡಿನಲ್ಲಿ ಎಲ್ಲರ ನಡುವೆ ಹೂಳಬೇಕೆಂದೂ, ಮೇಲೆ ಕಲ್ಲು ನಿಲ್ಲಿಸಬಾರದೆಂದೂ ಹೇಳಿದ.

ಮಗನಿಗೆ ಸಿಟ್ಟು ಬಂತು. "ಇಷ್ಟು ಕಟ್ಟಿಸಿ ಕುಣಿ ಖಾಲಿ ಬಿಡೂದೇನಪ್ಪಾ?"

"ಅದು ಖಾಲಿ ಎಲ್ಲಿ ಐತಿ?" ಎಂದ ಅಧ್ಯಕ್ಷ.

ಅವನು ಹೇಳಿದಂತೆಯೇ ಆಯಿತು. ಕೆಲವು ವರ್ಷ ಮಗ ಕುಣಿಗೆ ಜೋಳ ಸುರಿದ. ಮುಂದೆ, ಕಷ್ಟದಲ್ಲಿ ಅಲ್ಲಿಂದ ಒಯ್ದವರು ಸುಗ್ಗಿಯಲ್ಲಿ ತಾವಾಗಿಯೇ ತಂದು ಸುರಿಯತೊಡಗಿದರು. ಹಳ್ಳ ತುಂಬಿ ಬಂದ ಒಂದು ವರ್ಷ ಸುಡುಗಾಡಿನ ಗುರುತುಗಳೆಲ್ಲ ಅಳಿಸಿಹೋದವು. ಅವನನ್ನು ಹೂಳಿದ್ದು ಎಲ್ಲಿ ಎಂದು ಈಗ ಮೊಮ್ಮಕ್ಕಳಿಗೂ ತೋರಿಸಲು ಬಾರದು.

ಗುರುಪಾದನಿಗೆ ಕೆಡುಕೆನಿಸಿತು. "ಹಾಗಾದರೆ ಅವನೂ ಉಳಿಯಲಿಲ್ಲ. ಅವನ ಹೆಸರಾದರೂ ಏನು ಅಪ್ಪಾರೇ?"

ಗುರುಗಳೆಂದರು: "ಹೆಸರು ನನಗೂ ಗೊತ್ತಿಲ್ಲ, ಈಗ ತಾನೇ ನೀನು ಉಂಡು ಬಂದ ರೊಟ್ಟಿ ಆ ಕುಣಿಯ ಜೋಳದ್ದು."