ಬಾನೆಟ್ಟಿನೊಳಗಿನ ನಿಂಬೆಹಣ್ಣು

ಕಳ್ಳರ ಭಯಕ್ಕೆ ವೀರಭದ್ರಪ್ಪನವರು ತಮ್ಮ ಹಳೇ ಜೀಪಿಗೆ ಸೈರನ್ನನ್ನೂ, ಬಾನೆಟ್ ತೆರೆದರೆ ಅದನ್ನು ಕೂಗಿಸುವ ಸ್ವಿಚ್ಚನ್ನೂ ಹಾಕಿಸಿದ್ದರು. ದೃಷ್ಟಿಗೆಂದು ನಿಂಬೆಹಣ್ಣನ್ನೂ ಕಟ್ಟಿದ್ದರು. ಹೊರಗಿದ್ದರೆ ಕಲ್ಲುದಾರಿಯಲ್ಲಿ ಉದುರೀತೆಂದು ಬಾನೆಟ್ಟಿನೊಳಗೇ ಕಟ್ಟಿದ್ದರು.

ಕೆಲವು ದಿನಗಳಲ್ಲಿ ಸೈರನ್ ಹೊತ್ತಲ್ಲದ ಹೊತ್ತಲ್ಲಿ ಕೂಗತೊಡಗಿತು.

“ಯಾರೂ ಬಂದಿಲ್ಲ, ಯಾಕೆ ಅರಚುತ್ತೀಯೆ? ನನ್ನನ್ನು ನೋಡು, ತುಟಿ ಬಿಚ್ಚದೆ ಕಾಯುತ್ತಿದ್ದೇನೆ,” ಎಂದಿತು ನಿಂಬೆ.

“ಬಾನೆಟ್ ತೆರೆದಿದೆ ಎನ್ನುತ್ತಿದೆ ಸ್ವಿಚ್ಚು. ಅದು ಹೇಳಿದಾಗ ಕೂಗುವುದೇ ನನ್ನ ಕೆಲಸ,” ಎಂದ ಸೈರನ್ ದನಿ ತಗ್ಗಿಸಲಿಲ್ಲ.

ರೋಸಿಹೋದ ವೀರಭದ್ರಪ್ಪ, ಸೈರನ್ನಿನ ತಂತಿಯನ್ನೇ ಕತ್ತರಿಸಲು ಬಾನೆಟ್ ಎತ್ತಿದರು. ಕೊಳೆತ ನಿಂಬೆಯ ರಸ ತೊಟ್ಟಿಕ್ಕಿ ಕೆಳಗಿನ ಸ್ವಿಚ್ಚು ತುಕ್ಕು ಹಿಡಿದಿತ್ತು. ಅವರು ತಂತಿ ಬಿಟ್ಟು ನಿಂಬೆಯನ್ನು ಕಿತ್ತರು.

“ಕಾವಲಿಗೆ ನಿಂತವನು ನಾನು!” ಎಂದು ನಿಂಬೆ ಚೀರಿತು.

“ಅದಕ್ಕೇ ನಿನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ,” ಎಂದಿತು ಸೈರನ್.